ರೌಡಿ ಪೆರೇಡ್‌ನಿಂದ ಅಪರಾಧ ನಿಜಕ್ಕೂ ಕಡಿಮೆಯಾಗುತ್ತಾ?

ಗಣೇಶ ಹಬ್ಬ, ದಸರಾ ಬಂತೆಂದರೆ ಮೈಸೂರಿನಲ್ಲಿ ರೌಡಿಗಳನ್ನು ಸಾಲಾಗಿ ನಿಲ್ಲಿಸಿ ಎಚ್ಚರಿಕೆ ಕೊಡುತ್ತಾರಲ್ಲ, ಅದರಿಂದ ಪ್ರಯೋಜನ ಇದೆಯಾ ಎಂದು ಕೇಳಿದ್ದೀರಿ. ಮೈಸೂರು, ಮಂಡ್ಯ ಕೋರ್ಟುಗಳಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲ ನಾನು. ಹಬ್ಬದ ಮಟ್ಟಿಗೆ ಪ್ರಯೋಜನ ಇದೆ, ಅದರಾಚೆಗೆ ಹೆಚ್ಚೇನಿಲ್ಲ.

ಪದೇ ಪದೇ ತಪ್ಪು ಮಾಡುವವರ ಮೇಲೆ ಕಣ್ಣಿಡುವುದು ಸರಿಯಾದ ದಾರಿಯೇ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1945ರಲ್ಲಿ ಹುಟ್ಟಿದ ಸುಮಾರು 10,000 ಹುಡುಗರ ಪೊಲೀಸ್ ದಾಖಲೆ ಜಾಲಾಡಿದಾಗ, ಅರ್ಧಕ್ಕಿಂತ ಹೆಚ್ಚು ಅಪರಾಧಗಳು ಕೇವಲ ಶೇ 6ರಷ್ಟು ಮಂದಿಯ ಲೆಕ್ಕಕ್ಕೆ ಬಂದವು. ಆ ಕೆಲವರನ್ನು ಹೆಕ್ಕಿ ತೆಗೆಯುವುದೇ ಕಷ್ಟದ ಕೆಲಸ. ಕಾಲೇಜು ಗಲಾಟೆಯಲ್ಲಿ ಸಿಕ್ಕಿಬಿದ್ದ ಹುಡುಗನೂ ಸುಪಾರಿ ಪಡೆದು ಮಚ್ಚು ಬೀಸುವವನೂ ಒಂದೇ ರೌಡಿ ಪಟ್ಟಿಯಲ್ಲಿದ್ದರೆ, ಇರುವ ನಾಲ್ಕು ಜನ ಬೀಟ್ ಪೊಲೀಸರು ಯಾರನ್ನು ಕಾಯಬೇಕು?

ಕಾನೂನಿಗೆ ಬರವಿಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ 2 ವರ್ಷದವರೆಗೆ ಗಡಿಪಾರು ಮಾಡಬಹುದು. ಆದರೆ ಮಂಡ್ಯದಿಂದ ಹೊರಹಾಕಿದವನು ಪಕ್ಕದ ಜಿಲ್ಲೆಯಲ್ಲಿ ಕೂತು ಫೋನಿನಲ್ಲೇ ಹಫ್ತಾ ಕೇಳಬಹುದು. 1985ರ ಗೂಂಡಾ ಕಾಯ್ದೆಯಲ್ಲಿ ವಿಚಾರಣೆ ಇಲ್ಲದೆ 12 ತಿಂಗಳವರೆಗೆ ಒಳಗಿಡಬಹುದು. ಇಷ್ಟು ದೊಡ್ಡ ಅಧಿಕಾರ ಆದ್ದರಿಂದಲೇ ಹೈಕೋರ್ಟ್ ಪ್ರತಿ ಹಾಳೆಯನ್ನೂ ನೋಡುತ್ತದೆ. ಬಂಧನದ ಕಾರಣಗಳನ್ನು 5 ದಿನದೊಳಗೆ ಬಂಧಿತನಿಗೆ ತಿಳಿಸಬೇಕು. ಜೊತೆಗೆ ಕೊಟ್ಟ ದಾಖಲೆಗಳ ಜೆರಾಕ್ಸ್ ಪ್ರತಿಗಳು ಮಸುಕಾಗಿ ಓದಲಾಗದಂತಿದ್ದರೆ ಅಷ್ಟಕ್ಕೇ ಆದೇಶ ಬಿದ್ದುಹೋಗಬಹುದು. ಹಾಗೆ ಹೊರಬಂದವನಿಗೆ ಏರಿಯಾದಲ್ಲಿ ಹಾರ ಹಾಕಿ ಮೆರವಣಿಗೆ!

ನನಗೆ ಹೆಚ್ಚು ಸಂಕಟವಾಗುವುದು ಮುಚ್ಚಳಿಕೆಯ ವಿಷಯದಲ್ಲಿ. ಒಳ್ಳೆಯ ನಡತೆಗೆಂದು 3 ವರ್ಷದವರೆಗೆ ಬಾಂಡ್ ಬರೆಸಿಕೊಳ್ಳಲು ಅವಕಾಶವಿದೆ. ಮಂಡ್ಯದ ತಹಶೀಲ್ದಾರ್ ಕಚೇರಿಯಲ್ಲಿ ಪಹಣಿ ಹಿಡಿದು ಜಾಮೀನುದಾರ ನಿಂತಿರುತ್ತಾನೆ, ಸಹಿ ಬೀಳುತ್ತದೆ, ಫೈಲು ಬೀರು ಸೇರುತ್ತದೆ. ಆರು ತಿಂಗಳಿಗೆ ಅದೇ ಆಸಾಮಿ ಇನ್ನೊಬ್ಬನ ತಲೆ ಒಡೆದಾಗ, ಹಳೆಯ ಬಾಂಡ್ ಮುಟ್ಟುಗೋಲು ಹಾಕಿಕೊಳ್ಳಿ ಎಂದು ಠಾಣೆಯಿಂದ ವರದಿ ಹೋಗುವುದು ಅಪರೂಪ. ಹೊಸ ಕೇಸು, ಹೊಸ ಜಾಮೀನು, ಅಷ್ಟೇ. ಹೆಸರು ಗುರುತಿಸಿದ ಹತ್ತಾರು ಮಂದಿಯ ಕೇಸುಗಳನ್ನೆಲ್ಲ ಒಬ್ಬ ಅಧಿಕಾರಿ ಒಟ್ಟಿಗೆ ಹಿಂಬಾಲಿಸಿ, ವಾರಂಟ್ ಜಾರಿ ಮಾಡಿಸಿ, ಸಾಕ್ಷಿಗಳನ್ನು ಹೊತ್ತಿಗೆ ಸರಿಯಾಗಿ ಕೋರ್ಟಿಗೆ ಕರೆತಂದರೆ, ಆಗ ಶಿಕ್ಷೆಯಾಗುತ್ತದೆ. ಅದಕ್ಕೆ ರೌಡಿ ಹೆದರುತ್ತಾನೆ, ಪೆರೇಡ್‌ಗಲ್ಲ.

ಸಾಕ್ಷಿ ತಿರುಗಿಬಿದ್ದರೆ ಇದೆಲ್ಲ ವ್ಯರ್ಥ. ನಿಮ್ಮ ಬೀದಿಯಲ್ಲಿ ಯಾರಾದರೂ ಸಾಕ್ಷಿಯಾಗಿ ಹೆದರಿ ಕೂತಿದ್ದರೆ, 2018ರ ಸಾಕ್ಷಿ ಸಂರಕ್ಷಣಾ ಯೋಜನೆ ಇದೆ ಎಂದು ಅವರಿಗೆ ತಿಳಿಸಿ. ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿಗೆ ಅರ್ಜಿ ಕೊಟ್ಟರೆ ರಕ್ಷಣೆ ಕೇಳಬಹುದು.