ಹಳೇ ಎಂಜಿನ್‌ಗಳನ್ನು ರಿಪೇರಿ ಮಾಡಿ ಓಡಿಸುವ ಹವ್ಯಾಸಿ ಕ್ಲಬ್‌ಗಳ ಮೇಳದಲ್ಲಿ ಎಂಜಿನ್‌ಗಳು ಬಿಟ್ಟು ಬಿಟ್ಟು 'ಢಬ್' ಅನ್ನುವುದೇಕೆ? ಕೆಟ್ಟಿರುತ್ತವಾ?

ಇಲ್ಲ, ಅವು ಓಡುವುದೇ ಹಾಗೆ. ಹೆಸರು ಹಿಟ್ ಆಂಡ್ ಮಿಸ್ ಎಂಜಿನ್. ಅಮೆರಿಕದ ಹೊಲಗಳಲ್ಲಿ ನೀರೆತ್ತಲು, ಮೆಕ್ಕೆಜೋಳ ಒಡೆಯಲು, ಮರ ಕೊಯ್ಯಲು ಇದ್ದವು. ಜಾನ್ ಡೀರ್ ಕಂಪನಿಯ 'ಮಾಡೆಲ್ ಇ' ಇದೇ ಜಾತಿಯದು.

ವೇಗ ಮಿತಿ ದಾಟಿದರೆ ಗವರ್ನರ್‌ನ (ವೇಗವನ್ನು ಹಿಡಿತದಲ್ಲಿಡುವ ಭಾಗ) ತೂಕಗಳು ಹೊರಕ್ಕೆ ಚಾಚಿಕೊಳ್ಳುತ್ತವೆ. ಆಗ ಒಂದು ಕೊಂಡಿ ಹೊಗೆ ಹೋಗುವ ವಾಲ್ವನ್ನು ತೆರೆದೇ ಹಿಡಿಯುತ್ತದೆ. ಸಿಲಿಂಡರಿಗೆ ಪೆಟ್ರೋಲ್ ಎಳೆಯುವುದೇ ಇಲ್ಲ. ಫ್ಲೈವೀಲ್ ಅನ್ನುವ ಭಾರದ ಚಕ್ರಗಳು ಸುಮ್ನೆ ತಿರುಗುತ್ತಿರುತ್ತವೆ. ವೇಗ ಇಳಿದಾಗ ಕೊಂಡಿ ಬಿಡುತ್ತದೆ, 'ಢಬ್' ಅಂತ ಒಂದೇಟು. ಆಮೇಲೆ ಮತ್ತೆ 'ಚುಫ್, ಚುಫ್'. ಕೆಲಸ ಜಾಸ್ತಿಯಾದಷ್ಟೂ ಏಟುಗಳು ಹತ್ತಿರವಾಗುತ್ತವೆ. ಅಮೆರಿಕದ ಮೇಳಗಳಲ್ಲಿ ಇದಕ್ಕೆ ಬೆಲ್ಟ್ ಹಾಕಿ ಐಸ್‌ಕ್ರೀಮ್ ಕಡೆಯುತ್ತಾರೆ. ಕ್ರೀಮ್ ಗಟ್ಟಿಯಾಗುತ್ತಾ ಬಂದದ್ದು ಸದ್ದಿನಲ್ಲೇ ತಿಳಿಯುತ್ತದೆ, ಮಜಾ ಅಲ್ವಾ?

ಕ್ಲಬ್‌ನವರ ನಿಜವಾದ ಕೆಲಸ ಮೇಳಕ್ಕಿಂತ ಮುಂಚಿನದು. ವರ್ಷಗಟ್ಟಲೆ ಮಳೆಯಲ್ಲಿ ಬಿದ್ದ ಎಂಜಿನ್ನಿನ ಪಿಸ್ಟನ್ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಎಣ್ಣೆಯಲ್ಲಿ ವಾರಗಟ್ಟಲೆ ನೆನೆಸಿ, ಮರದ ತುಂಡು ಇಟ್ಟು ಮೆಲ್ಲಗೆ ಬಡಿಯಬೇಕು. ಆತುರಪಟ್ಟರೆ ಎರಕದ ಕಬ್ಬಿಣ ಬಿರುಕು ಬಿಡುತ್ತದೆ. ಸಿಗದ ಭಾಗವನ್ನು ಲೇತ್‌ನಲ್ಲಿ ತಾವೇ ಮಾಡಿಕೊಳ್ಳುತ್ತಾರೆ. ಹೊಸ ಬಣ್ಣ ಬಳಿಯಬೇಕೋ, ಹಳೇ ಬಣ್ಣ ಉಳಿಸಬೇಕೋ ಅನ್ನುವ ಜಗಳವಂತೂ ಮುಗಿಯುವುದೇ ಇಲ್ಲ. ನನ್ನ ವೋಟು ಹಳೇ ಬಣ್ಣಕ್ಕೆ.

ನೋಡುವ ಆಸೆಯಿದ್ದರೆ ಅಯೋವಾ ರಾಜ್ಯದ ಮೌಂಟ್ ಪ್ಲೆಸೆಂಟ್‌ಗೆ ಹೋಗಿ. ಅಲ್ಲಿನ 'ಓಲ್ಡ್ ಥ್ರೆಶರ್ಸ್' ಮೇಳ 1950ರಲ್ಲಿ ಶುರುವಾಯಿತು, ಸೆಪ್ಟೆಂಬರ್ ಮೊದಲ ಸೋಮವಾರಕ್ಕೆ ಮುಗಿಯುತ್ತದೆ. ಹಬೆಯಲ್ಲಿ ಓಡುವ ಒಕ್ಕಣೆ ಯಂತ್ರಗಳೂ ಅಲ್ಲಿರುತ್ತವೆ. ಬೆಲ್ಟ್ ಪಕ್ಕ ಮಾತ್ರ ನಿಲ್ಲಬೇಡಿ.