ವಿಮಾನ ಇಳಿಯುವಾಗ ಕಿವಿನೋವು: ಎಣ್ಣೆ ಬಿಡಬೇಡಿ, ನಿದ್ದೆಯನ್ನೂ ಮಾಡಬೇಡಿ

ಈ ಸಲವೂ ಅರ್ಧಕ್ಕಿಂತ ಜಾಸ್ತಿ ಪತ್ರಗಳು ಒಂದೇ ವಿಷಯದ್ದು. ಗೋವಾ, ಹುಬ್ಬಳ್ಳಿ ಅಥವಾ ಮಂಗಳೂರಿನಿಂದ ಕಡಿಮೆ ದರದ ವಿಮಾನ ಹತ್ತಿ ಹೋಗಿ ಬಂದವರ ಕಿವಿನೋವು. ಶಿರಸಿಯ ನನ್ನ ದವಾಖಾನೆಗೂ ಇವರು ಬರುತ್ತಾರೆ. ಬರುವಷ್ಟರಲ್ಲಿ ಕಿವಿ ತುಂಬ ಎಣ್ಣೆ ಇರುತ್ತದೆ. ಒಳಗೆ ಏನಾಗಿದೆ ಎಂದು ನೋಡಲೂ ಆಗುವುದಿಲ್ಲ. ಹಾಗಾಗಿ ಇವತ್ತಿನ ಹೆಚ್ಚಿನ ಜಾಗ ಇದಕ್ಕೇ.

ಪ್ರಶ್ನೆ: ಬೆಂಗಳೂರಿನಿಂದ ಗೋವಾಕ್ಕೆ ವಿಮಾನದಲ್ಲಿ ಬಂದು ಕಾರವಾರದ ಮನೆಗೆ ಹೋಗುತ್ತೇನೆ. ಗೋವಾದಲ್ಲಿ ಇಳಿಯುವಾಗ ಕಿವಿಗೆ ಚಾಕು ಚುಚ್ಚಿದ ಹಾಗೆ ನೋವು. ಬೆಂಗಳೂರಿನಲ್ಲಿ ಇಳಿಯುವಾಗ ಇಷ್ಟು ಇರುವುದಿಲ್ಲ. ಅಮ್ಮ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಡುತ್ತಾರೆ. ಮುಂದಿನ ವಾರ ಮತ್ತೆ ಪ್ರಯಾಣ, ಈಗ ನೆಗಡಿ ಬೇರೆ. ಏನು ಮಾಡಲಿ?

ಉತ್ತರ: ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಸಮುದ್ರದಂಚಿನ ಕುಮಟಾಕ್ಕೆ ಹೋಗುವಾಗ ಕಿವಿ ಗಪ್ಪೆಂದು ಮುಚ್ಚಿಕೊಳ್ಳುತ್ತದೆ ಅಲ್ವಾ? ಇದೂ ಅದೇ. ಶಿರಸಿ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ. ಎತ್ತರದಲ್ಲಿ ಹಾರುವ ವಿಮಾನದ ಒಳಗಿನ ಗಾಳಿ, ಸುಮಾರು 2400 ಮೀಟರ್ ಎತ್ತರದ ಬೆಟ್ಟದ ಮೇಲಿನ ಗಾಳಿಯಷ್ಟು ತೆಳುವಾಗಬಹುದು. ಅಲ್ಲಿಂದ ಸಮುದ್ರದ ಮಟ್ಟಕ್ಕೆ ಬಂದರೆ ಅರ್ಧ ಗಂಟೆಯಲ್ಲಿ ನಾಲ್ಕು ಘಟ್ಟ ಇಳಿದ ಹಾಗೆ. ಒಂದು ಗಂಟೆಯ ಹಾರಾಟದಲ್ಲಿ ಇದು ಸ್ವಲ್ಪ ಕಡಿಮೆ ಇರಬಹುದು. ಆದರೂ ಘಟ್ಟ ಘಟ್ಟವೇ. ಬೆಂಗಳೂರಿನ ವಿಮಾನ ನಿಲ್ದಾಣವೇ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ಕಿವಿ ಇಳಿಯಬೇಕಾದ ದೂರ ಅಷ್ಟು ಕಡಿಮೆ. ಗೋವಾದಲ್ಲೇ ನೋವು ಜಾಸ್ತಿ ಆಗುವುದಕ್ಕೆ ಇದೇ ಕಾರಣ.

ಕಿವಿಯ ತಮಟೆಯ ಹಿಂದೆ ಗಾಳಿ ತುಂಬಿದ ಒಂದು ಪುಟ್ಟ ಕೋಣೆ ಇದೆ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಸಣ್ಣ ಕೊಳವೆ. ವಿಮಾನ ಏರುವಾಗ ಒಳಗಿನ ಗಾಳಿ ತಾನಾಗಿ ಹೊರಗೆ ಬರುತ್ತದೆ. ಇಳಿಯುವಾಗ ಹೊರಗಿನ ಗಾಳಿ ಒಳಗೆ ಹೋಗಬೇಕು, ಆದರೆ ಕೊಳವೆಯ ಬಾಯಿ ಮುಚ್ಚಿರುತ್ತದೆ. ಎಂಜಲು ನುಂಗಿದಾಗ, ಆಕಳಿಸಿದಾಗ ಮಾತ್ರ ತೆರೆಯುತ್ತದೆ. ತೆರೆಯದಿದ್ದರೆ ತಮಟೆ ಒಳಕ್ಕೆ ಸೆಳೆದುಕೊಳ್ಳುತ್ತದೆ. ನೋವು ಅದರದ್ದೇ.

ಈಗ ಹೇಳಿ, ಎಣ್ಣೆ ಇಲ್ಲಿ ಏನು ಮಾಡೀತು? ಅದು ತಮಟೆಯ ಹೊರಗೇ ನಿಲ್ಲುತ್ತದೆ, ತೊಂದರೆ ಇರುವುದು ಒಳಗೆ. ತಮಟೆ ಹರಿದಿದ್ದರಂತೂ ಎಣ್ಣೆ ನೇರ ಒಳಗಿನ ಕೋಣೆಗೆ ಹೋಗುತ್ತದೆ. ನಮ್ಮ ಮಳೆಗಾಲದ ತೇವದಲ್ಲಿ ಕಿವಿಗೆ ಬೂಷ್ಟು ಹಿಡಿಯುವುದು ಮೊದಲೇ ಜಾಸ್ತಿ. ಅಮ್ಮನ ಪ್ರೀತಿಯ ಬಗ್ಗೆ ನನಗೆ ಗೌರವ ಇದೆ, ಎಣ್ಣೆ ಮಾತ್ರ ಬೇಡ. ಹತ್ತಿ ತುರುಕುವುದೂ ವ್ಯರ್ಥ, ಗಾಳಿಯ ಒತ್ತಡ ಹತ್ತಿಗೆ ನಿಲ್ಲುವುದಿಲ್ಲ. ಬಿಸಿನೀರಲ್ಲಿ ಅದ್ದಿದ ಕಾಗದವನ್ನು ಲೋಟದಲ್ಲಿಟ್ಟು ಕಿವಿಗೆ ಹಿಡಿದರೆ ಸುಟ್ಟುಕೊಳ್ಳುವ ಅಪಾಯವೇ ಹೆಚ್ಚು. ಜಾತ್ರೆಯಲ್ಲಿ ಕಡ್ಡಿ ಹಾಕಿ ಕಿವಿ ಸ್ವಚ್ಛ ಮಾಡುವವರ ಮುಂದೆ ಕೂರಲೇಬೇಡಿ. ಅಂಥವರು ತಮಟೆ ತೂತು ಮಾಡಿ ಕಳಿಸಿದವರನ್ನು ನಾನು ನೋಡಿದ್ದೇನೆ.

ಮಾಡಬೇಕಾದ್ದು ಇಷ್ಟು. ಇಳಿಯುವುದಕ್ಕೆ ಅರ್ಧ ಗಂಟೆ ಇರುವಾಗಲೇ ಎದ್ದು ಕೂರಿ. ನಿದ್ದೆಯಲ್ಲಿ ನುಂಗುವುದು ಕಡಿಮೆ, ಅದಕ್ಕೇ ಮಲಗಿದವರಿಗೆ ನೋವು ಜಾಸ್ತಿ. ಕಡಿಮೆ ದರದ ವಿಮಾನದಲ್ಲಿ ಪೆಪ್ಪರ್‌ಮಿಂಟ್ ಕೊಡುತ್ತಾರೆಂದು ಕಾಯಬೇಡಿ. ಹುಣಸೆ ಚಿಗಳಿಯೋ ಒಣಗಿದ ಮುರುಗಲು ಸಿಪ್ಪೆಯೋ ಜೇಬಿನಲ್ಲಿರಲಿ. ಹುಳಿಗೆ ಬಾಯಲ್ಲಿ ನೀರೂರುತ್ತದೆ, ನುಂಗುತ್ತಾ ಇರುತ್ತೀರಿ. ನಡುವೆ ಬಾಯಿ ಮುಚ್ಚಿ, ಮೂಗು ಹಿಡಿದು, ಮೆಲ್ಲಗೆ ಗಾಳಿ ಒತ್ತಿ. ಕಿವಿ ಟಪ್ ಎಂದರೆ ಸಾಕು. ಎರಡು-ಮೂರು ನಿಮಿಷಕ್ಕೊಮ್ಮೆ, ನೋವು ಶುರುವಾಗುವ ಮೊದಲೇ ಮಾಡಿ. ಒತ್ತಡ ತುಂಬ ಏರಿದ ಮೇಲೆ ಕೊಳವೆ ಬಿಗಿದುಕೊಳ್ಳುತ್ತದೆ. ಆಗ ಶಕ್ತಿ ಹಾಕಿ ಊದಿದರೆ ಒಳಗಿವಿಗೇ ಪೆಟ್ಟು.

ಇನ್ನು ನೆಗಡಿ. ಮುಂದಿನ ವಾರಕ್ಕೂ ಮೂಗು ಕಟ್ಟಿದ್ದರೆ ಹೋಗಬೇಡಿ. "ಡಾಕ್ಟ್ರೇ, ಅಗ್ಗದ ಟಿಕೆಟ್, ರದ್ದು ಮಾಡಿದ್ರೆ ದುಡ್ಡು ವಾಪಸ್ ಬರಲ್ಲ" ಎನ್ನುತ್ತಾರೆ ಎಲ್ಲರೂ. ವರ್ಷಗಳ ಹಿಂದೆ ನಾನೂ ಇದೇ ಲೆಕ್ಕ ಹಾಕಿ ನೆಗಡಿಯಲ್ಲೇ ಹತ್ತಿದ್ದೆ. ತಮಟೆಯ ಹಿಂದೆ ರಕ್ತ ಕಟ್ಟಿತು. ಮೂರು ವಾರ ಎಡಗಿವಿಗೆ ರೋಗಿಗಳ ಮಾತು ಸರಿಯಾಗಿ ಕೇಳಲಿಲ್ಲ. ಅವತ್ತಿನಿಂದ ಮೂಗು ಕಟ್ಟಿದ್ದರೆ ನಾನು ವಿಮಾನ ಹತ್ತುವುದಿಲ್ಲ. ಕಾರವಾರ–ಬೆಂಗಳೂರು ರಾತ್ರಿ ರೈಲು ಇದೆ. ಅದೂ ಘಟ್ಟ ದಾಟುತ್ತದೆ, ಆದರೆ ನಿಧಾನವಾಗಿ. ಹೋಗಲೇಬೇಕು ಎಂದಾದರೆ ವೈದ್ಯರನ್ನು ಕೇಳಿ, ಇಳಿಯುವ ಒಂದು ಗಂಟೆ ಮೊದಲು ಆಕ್ಸಿಮೆಟಜೋಲಿನ್ ಮೂಗಿನ ಸ್ಪ್ರೇ ಬಳಸಬಹುದು. ಸ್ವಲ್ಪ ಸಹಾಯ ಆಗಬಹುದು, ಅದನ್ನೇ ನಂಬಿ ಕೂರಬೇಡಿ. ಬಿಪಿ ಇದ್ದವರು, ಗರ್ಭಿಣಿಯರು ಕೇಳದೆ ಮುಟ್ಟಬಾರದು. ಮೂರು ದಿನಕ್ಕಿಂತ ಹೆಚ್ಚು ಎಳೆಯಬೇಡಿ, ಮೂಗು ಇನ್ನಷ್ಟು ಕಟ್ಟುತ್ತದೆ.

ಕಿವಿಯಿಂದ ರಕ್ತ ಅಥವಾ ನೀರು ಬಂದರೆ, ತಲೆ ತಿರುಗಿದರೆ, ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಅವತ್ತೇ ವೈದ್ಯರಲ್ಲಿಗೆ ಹೋಗಿ. ಹರಿದ ತಮಟೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ಕೂಡಿಕೊಳ್ಳುತ್ತದೆ. ಅಲ್ಲಿಯವರೆಗೆ ಕಿವಿ ಒಣಗಿರಬೇಕು.

ಪ್ರಶ್ನೆ: ತಮಟೆಯಲ್ಲಿ ಹಳೆಯ ತೂತು ಇದೆ. ವಿಮಾನ ಹತ್ತಬಹುದೇ?

ಉತ್ತರ: ಹತ್ತಬಹುದು, ತೂತಿನಲ್ಲಿ ಗಾಳಿ ಆಡುವುದರಿಂದ ನಿಮಗೆ ಈ ನೋವೇ ಕಡಿಮೆ, ಇತ್ತೀಚೆಗೆ ಕಿವಿಯ ಆಪರೇಷನ್ ಆಗಿದ್ದರೆ ಮಾತ್ರ ಆಪರೇಷನ್ ಮಾಡಿದವರನ್ನು ಕೇಳಿ.

ಪ್ರಶ್ನೆ: ಸೀಟು ಇಕ್ಕಟ್ಟು, ಕಾಲು ಊದುತ್ತದೆ. ಇದಕ್ಕೆ ಮಾತ್ರೆ ಇದೆಯೇ?

ಉತ್ತರ: ಮಾತ್ರೆ ಬೇಡ, ಓಡಾಡುವ ದಾರಿಯ ಪಕ್ಕದ ಸೀಟು ತೆಗೆದುಕೊಂಡು ಗಂಟೆಗೊಮ್ಮೆ ಎದ್ದು ನಡೆಯಿರಿ.

ಪ್ರಶ್ನೆ: ಭಟ್ಕಳದಿಂದ ಬರೆಯುತ್ತಿದ್ದೇನೆ. ಎಂಟು ತಿಂಗಳ ಮಗುವಿನೊಂದಿಗೆ ಮಂಗಳೂರಿನಿಂದ ದುಬೈಗೆ ಹೋಗಬೇಕು. ಅಳಬಾರದೆಂದು ನಿದ್ದೆ ಬರುವ ಸಿರಪ್ ಕೊಡಲು ಯಾರೋ ಹೇಳಿದ್ದಾರೆ.

ಉತ್ತರ: ಖಂಡಿತ ಕೊಡಬೇಡಿ ತಂಗಿ. ಅಷ್ಟು ಚಿಕ್ಕ ಮಗುವಿನ ಉಸಿರಾಟಕ್ಕೇ ಅದರಿಂದ ತೊಂದರೆ ಆಗಬಹುದು. ವಿಮಾನ ಇಳಿಯಲು ಶುರುವಾದಾಗ ಮಗುವಿನ ತಲೆ ಸ್ವಲ್ಪ ಮೇಲಿರುವ ಹಾಗೆ ಹಿಡಿದು ಹಾಲು ಕುಡಿಸಿ. ಅದಕ್ಕೆ ಸ್ವಲ್ಪ ಮೊದಲು ಹೊಟ್ಟೆ ತುಂಬ ಕುಡಿಸಬೇಡಿ, ಆಮೇಲೆ ಕುಡಿಯುವುದಿಲ್ಲ. ಅತ್ತರೆ ಅಳಲಿ. ಅಳುವಾಗಲೂ ಮಗು ನುಂಗುತ್ತದೆ, ಕಿವಿ ತೆರೆಯುತ್ತದೆ. ಪಕ್ಕದವರು ಮುಖ ಗಂಟು ಹಾಕಿದರೆ ನೀವು ತಲೆ ಕೆಡಿಸಿಕೊಳ್ಳಬೇಡಿ.