ಹೊಸ ಶಾಕಪ್ ಹಾಕಿಸಿದ ಮೇಲೂ ಗಾಡಿ ಕುಣಿಯುತ್ತಿದೆಯೇ? ಇನ್ನೊಂದು ಸೆಟ್ ಕೊಳ್ಳಬೇಡಿ

ನಾಲ್ಕೂ ಶಾಕಪ್ (ಶಾಕ್ ಅಬ್ಸಾರ್ಬರ್) ಹೊಸದು, ಲೋವರ್ ಆರ್ಮಿನ (ಗಾಲಿಯನ್ನು ಚೌಕಟ್ಟಿಗೆ ಹಿಡಿಯುವ ಕೆಳಗಿನ ತೋಳು) ಬುಷ್ ಹೊಸದು, ಆದರೂ ಗಾಡಿ ಚೆಂಡಿನ ಹಾಗೆ ಪುಟಿಯುತ್ತದೆ, ಬೇರೆ ಕಂಪನಿಯ ಶಾಕಪ್ ಹಾಕಿಸಲೇ ಅಂತ ಕೇಳಿದ್ದೀರಿ. ಬೇಡ. ಆ ಕೆಲಸ ನಾನು ಮಾಡಿ ಮುಗಿಸಿದ್ದೇನೆ.

2019ರ ಮಾತು. ನಾನು ಪುಣೆಯ ಸಿಂಹಗಡ ರಸ್ತೆಯಲ್ಲಿದ್ದೆ, ಅವ್ವ ಬೆಳಗಾವಿಯಲ್ಲಿ. ಆಗಸ್ಟ್ ಮೊದಲ ವಾರ ಊರಿಗೆ ಹೋಗುವುದಿತ್ತು. ಕೊಲ್ಲಾಪುರದ ಹತ್ತಿರ ಪಂಚಗಂಗೆ ಹೆದ್ದಾರಿಗೇ ನುಗ್ಗಿ ರಸ್ತೆ ದಿನಗಟ್ಟಲೆ ಬಂದ್ ಆಯಿತಲ್ಲ, ಹಾಗಾಗಿ ಪ್ರಯಾಣ ಗಣೇಶನ ಹಬ್ಬಕ್ಕೆ ಹೋಯಿತು. ಗಾಡಿ ಎಂಬತ್ತು ಸಾವಿರ ಕಿಲೋಮೀಟರ್ ಓಡಿದ ಸಣ್ಣ ಕಾರು. ಮುಂದಿನ ಒಂದು ಶಾಕಪ್ ಎಣ್ಣೆ ಕಕ್ಕಿತ್ತು, ಬುಷ್‌ಗಳು ಸೀಳಿದ್ದವು. ಹಬ್ಬಕ್ಕೆ ಎರಡೇ ದಿನ ಇರುವಾಗ ಮನೆ ಹತ್ತಿರದ ಗ್ಯಾರೇಜಿನಲ್ಲಿ ಎಲ್ಲ ಬದಲಿಸಲು ಕೊಟ್ಟೆ.

ಸಂಜೆ ಏಳಕ್ಕೆ ಹೋದರೆ ಗಾಡಿ ಇನ್ನೂ ಲಿಫ್ಟಿನ ಮೇಲೆ, ನಾಲ್ಕೂ ಗಾಲಿ ನೇತಾಡುತ್ತಿವೆ. ಭಾಗಗಳೆಲ್ಲ ಕೂತಿವೆ, ಬೋಲ್ಟ್ ಕೈಯಲ್ಲಿ ತಿರುಗಿಸಿ ಬಿಟ್ಟಿದ್ದಾರೆ. ಕೆಲಸದ ಹುಡುಗ ಹೇಳಿದ: "ಸಾಹೇಬ್ರ, ಕೊನೀ ಟೈಟ್ ಕೆಳಗ ಇಳಿಸಿ ಗುಂಡಿ ಮ್ಯಾಲ ನಿಲ್ಲಿಸಿ ಮಾಡಬೇಕ್ರಿ. ಗುಂಡಿ ಮ್ಯಾಲ ಬ್ಯಾರೆ ಗಾಡಿ ಐತಿ, ಅರ್ಧಾ ತಾಸು ಕೂಡ್ರಿ." ಗುಂಡಿ ಅಂದರೆ ಗಾಡಿಯ ಕೆಳಗೆ ನಿಂತು ಕೆಲಸ ಮಾಡಲು ಗ್ಯಾರೇಜಿನ ನೆಲದಲ್ಲಿ ತೋಡಿದ ಹೊಂಡ. ನನಗೆ ಬ್ಯಾಗ್ ತುಂಬುವ ಅವಸರ. "ಬೋಲ್ಟ್ ಎಲ್ಲಿದ್ರೂ ಬೋಲ್ಟೇ ಅಲ್ಲೇನಪಾ, ಮ್ಯಾಲೇನ ಬಿಗಿ ಮಾಡಿ ಕೊಡು" ಅಂದೆ. ಅವನು ಮಾಲೀಕನ ಮುಖ ನೋಡಿದ, ಮಾಲೀಕ ತಲೆ ಆಡಿಸಿದ, ಹುಡುಗ ಬೋಲ್ಟ್ ಬಿಗಿಯುವ ಗನ್ ಹಿಡಿದು ಐದು ನಿಮಿಷದಲ್ಲಿ ಎಲ್ಲ ಬಿಗಿದುಬಿಟ್ಟ.

ಆ ಅರ್ಧ ತಾಸು ಉಳಿಸಲು ಹೋಗಿ ಏನು ಕೆಟ್ಟಿತು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೆ ಇದು ತಿಳಿಯಲು ಐದು ತಿಂಗಳು ಹಿಡಿಯಿತು. ಬುಷ್ ಅಂದರೆ ಒಳಗೊಂದು ಕಬ್ಬಿಣದ ಕೊಳವೆ, ಹೊರಗೊಂದು, ನಡುವೆ ರಬ್ಬರ್. ರಬ್ಬರ್ ಎರಡಕ್ಕೂ ಬೆಸೆದುಕೊಂಡಿರುತ್ತದೆ. ಬಾಗಿಲ ಕೀಲಿನ ಹಾಗೆ ಒಂದರೊಳಗೊಂದು ಜಾರುವುದಿಲ್ಲ. ಬೋಲ್ಟ್ ಬಿಗಿದಾಗ ಒಳಗಿನ ಕೊಳವೆ ಗಾಡಿಯ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಆರ್ಮ್ ಮೇಲೆ ಕೆಳಗೆ ಆಡುವುದು ರಬ್ಬರ್ ತಿರುಚಿಕೊಂಡೇ. ಗಾಲಿ ನೆಲದ ಮೇಲಿದ್ದಾಗ ಬಿಗಿದರೆ, ಗಾಡಿ ನಿಂತ ಭಂಗಿಯಲ್ಲಿ ರಬ್ಬರಿಗೆ ತಿರುಚಿಲ್ಲ, ಆರಾಮ. ರಸ್ತೆಯಲ್ಲಿ ಹಳ್ಳ ಬಂದರೆ ಸ್ವಲ್ಪ ತಿರುಚುತ್ತದೆ, ಮರಳುತ್ತದೆ. ಗಾಲಿ ನೇತಾಡುವಾಗ ಬಿಗಿದರೆ? ನೇತಾಡುವ ಭಂಗಿಯೇ ಅದರ ಆರಾಮ ಆಗಿಬಿಡುತ್ತದೆ. ಗಾಡಿ ಕೆಳಗಿಳಿಸಿದ ಕ್ಷಣದಿಂದ ರಬ್ಬರು ಹಿಂಡಿದ ಒದ್ದೆ ಪಂಚೆಯ ಹಾಗೆ ತಿರುಚಿಕೊಂಡೇ ಕೂತಿರುತ್ತದೆ, ಹಗಲೂ ರಾತ್ರಿ ಗಾಡಿಯನ್ನು ಮೇಲಕ್ಕೆ ನೂಕುತ್ತಿರುತ್ತದೆ. ತಿರುಚಿದಷ್ಟೂ ಬಿರುಸು. ಅಂದರೆ ಇರುವ ಸ್ಪ್ರಿಂಗಿನ ಜೊತೆಗೆ ಯಾರ ಲೆಕ್ಕದಲ್ಲೂ ಇಲ್ಲದ ಇನ್ನೊಂದು ಸ್ಪ್ರಿಂಗ್ ಸೇರಿತು. ಶಾಕಪ್ ಹೊಸದಿದ್ದರೂ ಅದನ್ನು ಮಾಡಿರುವುದು ಮೊದಲಿನ ಸ್ಪ್ರಿಂಗಿನ ಕುಣಿತ ಹಿಡಿಯಲಿಕ್ಕೆ.

ಊರಿಗೆ ಹೊರಟಾಗ ಸಾತಾರಾ ದಾರಿಯ ಖಂಬಾಟ್ಕಿ ಘಾಟಿಯಲ್ಲೇ ಗೊತ್ತಾಯಿತು ಏನೋ ಸರಿಯಿಲ್ಲ ಅಂತ. ರಸ್ತೆಯ ಪ್ರತಿ ಕೂಡುಗೆರೆಗೂ ಟಪ್, ಟಪ್ ಅಂತ ಹಾರುತ್ತಿತ್ತು. ಊರಲ್ಲಿ ಹಿಂದಿನ ಸೀಟಿನಲ್ಲಿ ಕೂತ ಅವ್ವ, "ಏನೋ ಇದು, ಟಾಂಗಾದಾಗ ಕುಂತಂಗ ಆಗೇತಿ, ಇದಕ್ಕ ರೊಕ್ಕ ಬ್ಯಾರೆ ಕೊಟ್ಟಿಯಾ?" ಅಂದಳು.

ವಾಪಸ್ ಬಂದು ಗ್ಯಾರೇಜಿಗೆ ಹೋದರೆ ನಿಮಗೆ ಹೇಳಿದ್ದನ್ನೇ ನನಗೂ ಹೇಳಿದರು: ಹೊಸದಲ್ಲವೇ, ಐನೂರು ಕಿಲೋಮೀಟರ್ ಓಡಿಸಿ, ಸೆಟ್ ಆಗುತ್ತದೆ. ಇದನ್ನು ನಂಬಬೇಡಿ. ಹೊಸ ಸ್ಪ್ರಿಂಗ್ ಒಂದಿಷ್ಟು ಕೂರುತ್ತದೆ, ಸರಿ. ತಿರುಚಿದ ಬುಷ್ ಸೆಟ್ ಆಗುವುದಿಲ್ಲ, ಹರಿಯುತ್ತದೆ. ನಾನು ಸಾವಿರ ಓಡಿಸಿ ಕಾದೆ. ಆಮೇಲೆ ಶಾಕಪ್ಪೇ ಡೂಪ್ಲಿಕೇಟ್ ಇರಬೇಕು ಅಂತ ನಾನೇ ತೀರ್ಮಾನಿಸಿ, ಪುಣೆಯ ನಾನಾ ಪೇಠಿನ ಬಿಡಿಭಾಗದ ಅಂಗಡಿ ಅಲೆದು ಏಳು ಸಾವಿರಕ್ಕೆ ಮುಂದಿನ ಜೋಡಿ ಇನ್ನೊಮ್ಮೆ ತಂದು ಅದೇ ಗ್ಯಾರೇಜಿನಲ್ಲಿ ಹಾಕಿಸಿದೆ. ಬುಷ್ ಬೋಲ್ಟನ್ನು ಯಾರೂ ಮುಟ್ಟಲಿಲ್ಲ. ಕುಣಿತ ಎಳ್ಳಷ್ಟೂ ಕಡಿಮೆಯಾಗಲಿಲ್ಲ.

ಜನವರಿ ಹೊತ್ತಿಗೆ ಮುಂದೆ ಎಡಗಡೆ ಕಟ್ ಕಟ್ ಸದ್ದು ಶುರುವಾಯಿತು. ಸಹೋದ್ಯೋಗಿಯೊಬ್ಬರು ಧನಕವಡಿಯ ಒಬ್ಬ ಮಿಸ್ತ್ರಿಯ ಹತ್ತಿರ ಕಳಿಸಿದರು. ಇಂಡಿ ಕಡೆಯವರು, ಅರವತ್ತು ದಾಟಿದ ಕಾಕಾ. ಮೀಟರಿಲ್ಲ, ಕಂಪ್ಯೂಟರಿಲ್ಲ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ಇಟ್ಟು ನೋಡಿದರು, "ಗಾಡಿ ಎದ್ದ ನಿಂತೈತಿ" ಅಂದರು. ಗುಂಡಿ ಮೇಲೆ ನಿಲ್ಲಿಸಿ, ಗಾಲಿ ನೆಲದ ಮೇಲಿದ್ದ ಹಾಗೇ ಕೆಳಗಿಳಿದು ಬಲಗಡೆ ಆರ್ಮಿನ ಬೋಲ್ಟ್ ಸಡಿಲಿಸಿದರು. ಟಣ್ ಅಂತ ಸದ್ದು, ಗಾಡಿಯ ಆ ಮೂಲೆ ನನ್ನ ಕಣ್ಣೆದುರೇ ಒಂದು ಬೆರಳಷ್ಟು ಕೆಳಗೆ ಕೂತಿತು. "ತಮ್ಮಾ, ನಿನ್ನ ಶಾಕಪ್ ಚಲೋನ ಅದಾವ. ರಬ್ಬರ್ ಗಂಟ ಹಾಕ್ಕೊಂಡು ಕುಂತಿದ್ವು." ಎಡಗಡೆಯ ಬುಷ್ ಹರಿದೇ ಹೋಗಿತ್ತು, ಅದನ್ನು ಬದಲಿಸಿದರು. ಹಿಂದಿನ ಆ್ಯಕ್ಸಲ್ಲಿನ ಎರಡು, ಹಿಂದಿನ ಶಾಕಪ್ಪಿನ ಕೆಳತುದಿಯ ಕಣ್ಣಿನ (ಬುಷ್ ಕೂರುವ ಬಳೆ) ಎರಡು, ಎಲ್ಲ ಬೋಲ್ಟ್ ಸಡಿಲಿಸಿ, ಗಾಡಿ ಅಲ್ಲಾಡಿಸಿ ಕೂರಿಸಿ, ಮತ್ತೆ ಬಿಗಿದರು. ಮಜೂರಿ ಆರುನೂರು ರೂಪಾಯಿ.

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಅಂತ ನನ್ನ ಅಭಿಪ್ರಾಯ. ಯಾವ ಕಂಪನಿ ಅನ್ನುವುದಲ್ಲ, ಹೇಗೆ ಬಿಗಿದರು ಅಂತ ಮೊದಲು ಕೇಳಿ. ಅದಕ್ಕೂ ಮುಂಚೆ, ದುಡ್ಡಿಲ್ಲದ ಕೆಲಸ: ಬೆಳಿಗ್ಗೆ ಟೈರ್ ತಣ್ಣಗಿರುವಾಗ ಗಾಳಿ ನೋಡಿ. ಬಾಗಿಲ ಕಂಬದ ಸ್ಟಿಕ್ಕರಿನಲ್ಲಿ ಬರೆದಷ್ಟೇ ಇರಬೇಕು. ಟೈರ್ ಬಿಚ್ಚಿ ಹಾಕಿದ ಗ್ಯಾರೇಜುಗಳಲ್ಲಿ ಕೈಗೆ ಬಂದಷ್ಟು ತುಂಬುತ್ತಾರೆ, ಗಾಳಿಯ ಒತ್ತಡ ನಲವತ್ತು ಪಿಎಸ್ಐ ಇದ್ದರೆ ಎಂಥ ಗಾಡಿಯೂ ಹಾರುತ್ತದೆ. ಆಮೇಲೆ ಒಂದು ಮೂಲೆಯನ್ನು ಒತ್ತಿ ಬಿಡಿ. ಎದ್ದು, ಇಳಿದು, ನಿಂತರೆ ಶಾಕಪ್ ಕೆಲಸ ಮಾಡುತ್ತಿದೆ. ದೋಣಿಯ ಹಾಗೆ ಮೂರ್ನಾಲ್ಕು ಸಲ ತೂಗಿದರೆ ಮಾತ್ರ ಶಾಕಪ್ಪಿನ ಮೇಲೆ ಅನುಮಾನ ಪಡಿ. ನಿಮ್ಮದು ಸಣ್ಣ ಉಬ್ಬಿಗೂ ಕುಪ್ಪಳಿಸುತ್ತದೆ ಅಂದಿದ್ದೀರಿ, ಅದು ನನ್ನ ಕಥೆಗೇ ಹತ್ತಿರ.

ಪುಣೆಯಲ್ಲಾದರೆ ಕಾತ್ರಜ್ ಕಡೆಯೋ ಪಿಂಪ್ರಿ ಕಡೆಯೋ, ಗುಂಡಿ ಇರುವ ಗ್ಯಾರೇಜೇ ಹುಡುಕಿ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ನೀವಾಗಲಿ ಮಿಸ್ತ್ರಿಯಾಗಲಿ ನುಗ್ಗಬೇಡಿ. ಸಡಿಲಿಸಬೇಕಾದದ್ದು ರಬ್ಬರ್ ಬುಷ್ಷಿನ ಬೋಲ್ಟ್ ಮಾತ್ರ, ಆರ್ಮಿನ ಗಾಲಿ ಕಡೆಯ ತುದಿಯಲ್ಲಿರುವ ಗುಂಡಿನ ಕೀಲು, ಅಂದರೆ ಬಾಲ್ ಜಾಯಿಂಟ್, ಮುಟ್ಟುವುದು ಬೇಕಿಲ್ಲ. ಬಿಗಿಯುವಾಗ ಟಾರ್ಕ್ ಪಾನ (ಎಷ್ಟು ಬಿಗಿಯಬೇಕೋ ಅಷ್ಟೇ ಬಿಗಿಯುವ ಅಳತೆಯ ಸ್ಪ್ಯಾನರ್) ಬಳಸಲಿ, ಮುಗಿದ ಮೇಲೆ ಗಾಲಿಗಳ ಅಲೈನ್‌ಮೆಂಟ್ ಮಾಡಿಸಿ. ಈಗಾಗಲೇ ಹರಿದ ಬುಷ್ ಸಡಿಲಿಸಿದರೆ ಸರಿಹೋಗದು, ಹೊಸದೇ ಹಾಕಬೇಕು.

ಇಷ್ಟೆಲ್ಲ ಮಾಡಿಯೂ ಶಾಕಪ್ಪೇ ಕೆಟ್ಟಿದೆ ಅಂತಾದರೆ, ನಾನು ಸುಮ್ಮನೆ ಬಿಚ್ಚಿಸಿದ ಆ ಮೊದಲ ಮುಂದಿನ ಜೋಡಿ ಇನ್ನೂ ನಮ್ಮ ಮನೆಯ ಅಟ್ಟದ ಮೇಲಿದೆ. ನಿಮ್ಮದೂ ಅದೇ ಗಾಡಿಯಾದರೆ ಒಯ್ಯಿರಿ. ಆದರೆ ವರ್ಷಗಟ್ಟಲೆ ಅಡ್ಡ ಮಲಗಿಸಿಟ್ಟವು, ಎಣ್ಣೆಯೊಳಗೆ ಗಾಳಿ ಸೇರಿರುತ್ತದೆ. ಹಾಕುವ ಮೊದಲು ನೆಟ್ಟಗೆ ನಿಲ್ಲಿಸಿ ನಾಲ್ಕೈದು ಸಲ ಪೂರ್ತಿ ಒತ್ತಿ ಎಳೆಯಲು ಹೇಳಿ.